ಜೀಪಿನ ಹೊಟ್ಟೆಯಲ್ಲಿ ಏನದು ಸದ್ದು?

ಮಡಿಕೇರಿಯಿಂದ ಮಂಡಲಪಟ್ಟಿ ಬೆಟ್ಟಕ್ಕೆ ಹೋಗಿದ್ದೀರಾ ಮಕ್ಕಳೇ? ದಾರಿಯ ಕೊನೆಯ ಭಾಗದಲ್ಲಿ ಬರೀ ಕಲ್ಲು, ಕೊರಕಲು. ಮಳೆ ಬಿದ್ದರಂತೂ ಕಾಲಿಟ್ಟಲ್ಲಿ ಜಾರುವ ಕೆಸರು. ನಮ್ಮ ನಿಮ್ಮ ಮನೆಯ ಕಾರು ಅಲ್ಲಿ ಏರುವುದಿಲ್ಲ, ಜೀಪೇ ಆಗಬೇಕು. ಏರು ಶುರುವಾಗುವ ಜಾಗದಲ್ಲಿ ಜೀಪಿನ ಚಾಲಕರು ಒಂದು ಕ್ಷಣ ನಿಂತು, ಗೇರಿನ ಕೋಲಿನ ಪಕ್ಕದಲ್ಲಿರುವ ಇನ್ನೊಂದು ಗಿಡ್ಡ ಕೋಲನ್ನು ಎಳೆಯುತ್ತಾರೆ. ‘ಫೋರ್ ವೀಲ್ ಹಾಕಿದೀನಿ, ಗಟ್ಟಿಯಾಗಿ ಹಿಡ್ಕೊಳ್ಳಿ’ ಅನ್ನುತ್ತಾರೆ. ಅಲ್ಲಿಯವರೆಗೆ ಏದುಸಿರು ಬಿಡುತ್ತಿದ್ದ ಜೀಪು ನಿಧಾನವಾಗಿ, ಆದರೆ ಹಠ ಹಿಡಿದು, ಮೇಲೆ ಹತ್ತತೊಡಗುತ್ತದೆ.

ಆ ಗಿಡ್ಡ ಕೋಲಿನ ಬುಡದಲ್ಲಿ, ನಾವು ಕಾಲಿಟ್ಟುಕೊಂಡಿರುವ ತಗಡಿನ ಕೆಳಗೆ, ಎರಡು ಪೆಟ್ಟಿಗೆಗಳು ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಮುಂದಿನದು ಗೇರ್ ಬಾಕ್ಸ್, ಅದರ ಬೆನ್ನಿಗಿರುವುದು ಟ್ರಾನ್ಸ್‌ಫರ್ ಕೇಸ್. ಎರಡನ್ನೂ ಬೋಲ್ಟ್ ಹಾಕಿ ಬಿಗಿಯಾಗಿ ಮುಚ್ಚಿರುತ್ತಾರೆ. ಒಳಗೆ ದಪ್ಪನೆಯ ಎಣ್ಣೆ, ಎಣ್ಣೆಯಲ್ಲಿ ಮಿಂದು ತಿರುಗುವ ಹಲ್ಲಿನ ಚಕ್ರಗಳು. ಓಡುವಾಗ ಅಲ್ಲಿ ಏನು ನಡೆಯುತ್ತದೆ ಎಂದು ಯಾರೂ ಇಣುಕಿ ನೋಡುವ ಹಾಗಿಲ್ಲ.

ಒಂದು ದಿನ ಆ ಪೆಟ್ಟಿಗೆಗಳ ಒಳಗಿನಿಂದ ‘ಗೊರಗೊರ’ ಎಂಬ ಸದ್ದು ಬರತೊಡಗಿತು ಅಂತಿಟ್ಟುಕೊಳ್ಳಿ. ಯಾವ ಪೆಟ್ಟಿಗೆಯದು? ಯಾವ ಚಕ್ರದ್ದು? ಮೂಡಿಗೆರೆ, ಕಳಸ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ಜೀಪು ರಿಪೇರಿ ಮಾಡಿ ಪಳಗಿದ ಮೆಕ್ಯಾನಿಕ್ ಒಬ್ಬರನ್ನು ಕೇಳಿ ನೋಡಿ. ಅವರು ಮೊದಲು ಪಾನಾ ಕೈಗೆತ್ತಿಕೊಳ್ಳುವುದಿಲ್ಲ. ಸೀಟಿನಲ್ಲಿ ಕೂತು ಕಿವಿ ಕೊಡುತ್ತಾರೆ. ಪೆಟ್ಟಿಗೆ ಬಿಚ್ಚುವ ಮೊದಲೇ ಕಾಯಿಲೆ ಎಲ್ಲಿದೆ ಎಂದು ಮುಕ್ಕಾಲು ಪಾಲು ಹೇಳಿಬಿಡುತ್ತಾರೆ. ಇದು ಮಂತ್ರವೂ ಅಲ್ಲ, ಅದೃಷ್ಟವೂ ಅಲ್ಲ. ನಾವೂ ಅವರ ಪಕ್ಕದಲ್ಲಿ ಕೂತು ಈ ಪತ್ತೇದಾರಿಕೆ ಕಲಿಯೋಣ ಬನ್ನಿ.

ಅದಕ್ಕೆ ಮುಂಚೆ ಪೆಟ್ಟಿಗೆಯ ಒಳಗನ್ನು ಮನಸ್ಸಿನಲ್ಲೇ ಒಮ್ಮೆ ನೋಡಿ ಬರಬೇಕು. ಹಲ್ಲುಗಳಿರುವ ಎರಡು ಚಕ್ರಗಳನ್ನು ಊಹಿಸಿಕೊಳ್ಳಿ. ಚಿಕ್ಕದಕ್ಕೆ 20 ಹಲ್ಲು, ದೊಡ್ಡದಕ್ಕೆ 40. ಒಂದರ ಹಲ್ಲು ಇನ್ನೊಂದರ ಸಂದಿನಲ್ಲಿ ಕೂತಿದೆ. ಚಿಕ್ಕದು ಒಂದು ಸುತ್ತು ಬಂದರೆ 20 ಹಲ್ಲುಗಳು ದಾಟುತ್ತವೆ. ಅಷ್ಟರಲ್ಲಿ ದೊಡ್ಡದರಲ್ಲೂ 20 ಹಲ್ಲುಗಳೇ ದಾಟಬೇಕು, ಅಂದರೆ ಅದು ಅರ್ಧ ಸುತ್ತು ಮಾತ್ರ ಬಂದಿರುತ್ತದೆ. ವೇಗ ಅರ್ಧವಾಯಿತು. ಅದಕ್ಕೆ ಬದಲಾಗಿ ತಿರುಗಿಸುವ ಬಲ ಎರಡರಷ್ಟಾಯಿತು. ಗೇರು ಅಂದರೆ ಇಷ್ಟೇ, ವೇಗ ಕೊಟ್ಟು ಬಲ ಕೊಳ್ಳುವ ವ್ಯಾಪಾರ.

ಇಂಜಿನ್‌ಗೆ ಈ ವ್ಯಾಪಾರ ಯಾಕೆ ಬೇಕು? ಇಂಜಿನ್ ನಿಧಾನವಾಗಿ ತಿರುಗುವಾಗ ಅದಕ್ಕೆ ತ್ರಾಣ ಕಡಿಮೆ. ಇನ್ನೂ ನಿಧಾನ ಮಾಡಿದರೆ ನಿಂತೇ ಹೋಗುತ್ತದೆ. ಅದು ಚುರುಕಾಗಿ ಸುತ್ತುತ್ತಿದ್ದರೇ ಚೆನ್ನ. ಆದರೆ ಏರಿನಲ್ಲಿ ಜೀಪಿನ ಚಕ್ರ ಮೆಲ್ಲಗೆ, ಬಲವಾಗಿ ತಿರುಗಬೇಕು. ಇಬ್ಬರ ನಡುವೆ ಕೂತು ರಾಜಿ ಮಾಡಿಸುವುದು ಗೇರ್ ಬಾಕ್ಸಿನ ಕೆಲಸ.

ಈ ರಾಜಿಯ ಲೆಕ್ಕವನ್ನು ಒಂದು ಹಳೆಯ ಜೀಪಿನಲ್ಲೇ ನೋಡೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಮೆರಿಕದಲ್ಲಿ ವಿಲ್ಲಿಸ್ ಎಂಬ ಕಂಪನಿ ಸೈನ್ಯಕ್ಕಾಗಿ ಪುಟ್ಟ ಜೀಪುಗಳನ್ನು ಲಕ್ಷಗಟ್ಟಲೆ ತಯಾರಿಸಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ ಮೊದಮೊದಲು ಜೋಡಿಸಿ ಮಾರಿದ್ದು ವಿಲ್ಲಿಸ್ ಜೀಪುಗಳನ್ನೇ. ಹಾಗಾಗಿ ಮಲೆನಾಡಿನ ಹಳೆಯ ಜೀಪುಗಳಿಗೆಲ್ಲ ಈ ವಿಲ್ಲಿಸ್ ಒಬ್ಬ ಅಜ್ಜ. ಆ ಅಜ್ಜನ ಲೆಕ್ಕ ಬಲು ಸೊಗಸು. ಮೊದಲನೇ ಗೇರಿನಲ್ಲಿ ವೇಗ 2.665 ಪಟ್ಟು ಇಳಿಯುತ್ತದೆ. ಚಕ್ರಗಳ ನಡುವಿನ ಗೇರಿನಲ್ಲಿ 4.88 ಪಟ್ಟು ಇಳಿಯುತ್ತದೆ. ಎರಡನ್ನೂ ಗುಣಿಸಿದರೆ 13. ಅಂದರೆ ಇಂಜಿನ್ 13 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಗಿಡ್ಡ ಕೋಲನ್ನು ‘ಲೋ’ ಕಡೆಗೆ ಎಳೆದರೆ ಟ್ರಾನ್ಸ್‌ಫರ್ ಕೇಸ್ ಅದನ್ನು ಮತ್ತೆ 1.97 ಪಟ್ಟು ಇಳಿಸುತ್ತದೆ. ಈಗ ಇಂಜಿನ್ ಸುಮಾರು 26 ಸುತ್ತು ಸುತ್ತಿದರೆ ಚಕ್ರ ಒಂದೇ ಸುತ್ತು! ಬೇಕಾದರೆ ನೋಟ್‌ಬುಕ್ ತೆಗೆದು ಗುಣಿಸಿ ನೋಡಿ. ಜೀಪು ಆಮೆಯಾಯಿತು, ಆದರೆ ಅದರ ಚಕ್ರಕ್ಕೆ ಬಂದ ಬಲ ನೋಡಿ.

ಟ್ರಾನ್ಸ್‌ಫರ್ ಕೇಸಿಗೆ ಇನ್ನೊಂದು ಕೆಲಸವೂ ಇದೆ, ಅದೇ ಮುಖ್ಯವಾದದ್ದು. ಗೇರ್ ಬಾಕ್ಸಿನಿಂದ ಬಂದ ಬಲವನ್ನು ಅದು ಹಿಂದಿನ ಚಕ್ರಗಳಿಗೂ ಮುಂದಿನ ಚಕ್ರಗಳಿಗೂ ಹಂಚುತ್ತದೆ. ಅದರ ಹಿಂದೊಂದು ಮುಂದೊಂದು ಉದ್ದನೆಯ ಕಬ್ಬಿಣದ ಕೊಳವೆ ಹೊರಟಿರುತ್ತದೆ. ಅವೇ ಪ್ರೊಪೆಲ್ಲರ್ ಶಾಫ್ಟ್‌ಗಳು. ಒಣ ಟಾರು ರಸ್ತೆಯಲ್ಲಿ ಮಾತ್ರ ಈ ಹಂಚಿಕೆ ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಸ್ವಲ್ಪ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಾದರೆ ಚಕ್ರ ಚೂರು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರಿನಲ್ಲಿ ಜಾರಲು ಆಗದೆ ಗೇರುಗಳೆಲ್ಲ ಬಿಗಿದುಕೊಂಡು ಒದ್ದಾಡುತ್ತವೆ. ಫೋರ್ ವೀಲ್ ಹಾಕಿಕೊಂಡೇ ಪೇಟೆ ಸುತ್ತುವ ಶೋಕಿಯವರ ಜೀಪು ಬೇಗ ಗ್ಯಾರೇಜಿಗೆ ಬರುವುದು ಇದಕ್ಕೇ.

ಈಗ ಗೇರ್ ಬಾಕ್ಸಿನ ಒಳಕ್ಕೆ ಹೋಗೋಣ. ಮೂರು ಉಕ್ಕಿನ ದಂಡಗಳನ್ನು ನೆನೆಸಿಕೊಳ್ಳಿ. ಮೊದಲನೆಯದು ಇಂಜಿನ್ ಕಡೆಯಿಂದ ಒಳಗೆ ಬರುವ ಗಿಡ್ಡ ದಂಡ, ಇನ್‌ಪುಟ್ ಶಾಫ್ಟ್. ಅದರ ಕೆಳಗೆ ಉದ್ದಕ್ಕೆ ಮಲಗಿರುವುದು ಲೇ ಶಾಫ್ಟ್. ಮೇಲ್ಗಡೆ, ಗಿಡ್ಡ ದಂಡದ ನೇರಕ್ಕೇ ಮುಂದುವರಿದು ಟ್ರಾನ್ಸ್‌ಫರ್ ಕೇಸಿನ ಕಡೆಗೆ ಹೋಗುವುದು ಮೇನ್ ಶಾಫ್ಟ್. ಬಲವು ಗಿಡ್ಡ ದಂಡದಿಂದ ಕೆಳಗಿಳಿದು, ಲೇ ಶಾಫ್ಟಿನ ಮೂಲಕ ಸಾಗಿ, ನಾವು ಯಾವ ಗೇರು ಹಾಕಿದ್ದೇವೋ ಆ ಜೋಡಿ ಚಕ್ರದ ಮೂಲಕ ಮತ್ತೆ ಮೇಲೇರಿ ಹೊರಗೆ ಹೋಗುತ್ತದೆ. ನಾಲ್ಕು ಗೇರಿನ ಅನೇಕ ಹಳೆಯ ಜೀಪುಗಳಲ್ಲಿ ನಾಲ್ಕನೆಯದು ಮಾತ್ರ ಬೇರೆ ಥರ. ಆಗ ಮೇಲಿನ ಎರಡು ದಂಡಗಳು ಒಂದಕ್ಕೊಂದು ನೇರವಾಗಿ ಕಚ್ಚಿಕೊಂಡು ಒಟ್ಟಿಗೆ ತಿರುಗುತ್ತವೆ. ಲೇ ಶಾಫ್ಟ್ ಸುಮ್ಮನೆ ಸುತ್ತುತ್ತಿರುತ್ತದೆಯೇ ಹೊರತು ಅದರ ಮೇಲೆ ಹೊರೆ ಇರುವುದಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಕಳ್ಳನನ್ನು ಹಿಡಿಯಲು ಬೇಕಾಗುತ್ತದೆ.

ಇನ್ನೊಂದು ಸೋಜಿಗ ಕೇಳಿ. ಜೀಪು ನಿಂತಿದೆ, ನ್ಯೂಟ್ರಲ್‌ನಲ್ಲಿದೆ, ಇಂಜಿನ್ ಮಾತ್ರ ಚಾಲೂ ಇದೆ. ಗೇರ್ ಬಾಕ್ಸಿನೊಳಗೆ ಎಲ್ಲವೂ ಸುಮ್ಮನಿರುತ್ತದೆ ಅಂದುಕೊಂಡಿರಾ? ಇಲ್ಲ! ಇನ್‌ಪುಟ್ ಶಾಫ್ಟ್ ತಿರುಗುತ್ತಿದೆ, ಲೇ ಶಾಫ್ಟ್ ತಿರುಗುತ್ತಿದೆ, ಮೇನ್ ಶಾಫ್ಟಿನ ಮೇಲಿರುವ ಗೇರುಗಳೂ ಗಿರಗಿರ ಸುತ್ತುತ್ತಿವೆ. ಮೇನ್ ಶಾಫ್ಟ್ ಒಂದು ಮಾತ್ರ ನಿಂತಿದೆ. ಚಾಲಕರು ಕ್ಲಚ್ ತುಳಿದರೆ ಇಂಜಿನ್‌ಗೂ ಗೇರ್ ಬಾಕ್ಸಿಗೂ ಇದ್ದ ಕೊಂಡಿ ಬಿಟ್ಟುಹೋಗುತ್ತದೆ. ಆಗ ಈ ದಂಡಗಳೆಲ್ಲ ಸ್ವಲ್ಪ ಹೊತ್ತು ತಿರುಗಿ, ಒಂದೊಂದಾಗಿ ತಣ್ಣಗಾಗುತ್ತವೆ.

ದಂಡಗಳು ಪೆಟ್ಟಿಗೆಯ ಗೋಡೆಗೆ ತಿಕ್ಕದೆ ಹೇಗೆ ತಿರುಗುತ್ತವೆ? ಅದಕ್ಕೆ ಬೇರಿಂಗ್ ಇದೆ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ದೊಡ್ಡ ಡಬ್ಬದ ಮುಚ್ಚಳವನ್ನು ಅಂಗಾತ ಇಟ್ಟು, ಅದರೊಳಗೆ ಒಂದೇ ಅಳತೆಯ ಏಳೆಂಟು ಗೋಲಿಗಳನ್ನು ಹಾಕಿ. ಮೇಲೆ ಚಿಕ್ಕ ತಟ್ಟೆಯಿಟ್ಟು, ಅದರ ಮೇಲೊಂದು ಪುಸ್ತಕ ಇಟ್ಟು ಮೆಲ್ಲಗೆ ತಿರುಗಿಸಿ. ಎಷ್ಟು ನುಣ್ಣಗೆ ತಿರುಗುತ್ತದೆ ನೋಡಿ! ಈಗ ತಟ್ಟೆಯೆತ್ತಿ ಗೋಲಿಗಳ ನಡುವೆ ಒಂದು ಚಿಟಿಕೆ ಮರಳು ಹಾಕಿ ಮತ್ತೆ ತಿರುಗಿಸಿ. ಕರಕರ ಎನ್ನುತ್ತದೆ, ಬೆರಳಿಗೆ ನಡುಕ ತಾಗುತ್ತದೆ. ಉಕ್ಕಿನ ಗುಂಡುಗಳಿರುವ ನಿಜವಾದ ಬೇರಿಂಗ್‌ನಲ್ಲೂ ಹೀಗೇ. ಗುಂಡು ಓಡುವ ದಾರಿಯಲ್ಲಿ ಒಂದು ಸಣ್ಣ ಚಕ್ಕೆ ಎದ್ದರೆ ಸಾಕು, ಪ್ರತಿ ಗುಂಡೂ ಆ ಗುಂಡಿಯನ್ನು ಹಾರಿ ಹೋಗುವಾಗ ಒಂದು ಏಟು. ಸೆಕೆಂಡಿಗೆ ಹತ್ತಾರು ಏಟುಗಳು ಸೇರಿದಾಗ ನಮಗೆ ಕೇಳುವುದು ‘ಗೊರಗೊರ’.

ಗೇರಿನ ಹಲ್ಲುಗಳ ಸದ್ದೇ ಬೇರೆ. ಅದಕ್ಕೊಂದು ಶ್ರುತಿ ಇರುತ್ತದೆ. 20 ಹಲ್ಲಿನ ಗೇರು ಸೆಕೆಂಡಿಗೆ 10 ಸುತ್ತು ಬಂದರೆ, ಒಂದು ಸೆಕೆಂಡಿನಲ್ಲಿ 200 ಸಲ ಹಲ್ಲಿಗೆ ಹಲ್ಲು ತಾಗುತ್ತದೆ. ಸೆಕೆಂಡಿಗೆ 200 ಸಲ ಗಾಳಿ ಅಲುಗಿದರೆ ಕಿವಿಗೆ ಬಿಡಿಬಿಡಿ ತಟ್ಟು ಕೇಳಿಸುವುದಿಲ್ಲ, ‘ಗುಂಯ್’ ಎಂಬ ಒಂದೇ ಸ್ವರ ಕೇಳಿಸುತ್ತದೆ. ವೇಗ ಎರಡರಷ್ಟಾದರೆ 400 ಸಲ. ಸಂಗೀತ ಕಲಿಯುವವರು ನಿಮ್ಮಲ್ಲಿದ್ದರೆ ಅವರಿಗೆ ತಟ್ಟನೆ ಹೊಳೆದಿರಬೇಕು: ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋದಷ್ಟೇ ಏರಿಕೆ ಅದು. ಇನ್ನು ಒಂದೇ ಒಂದು ಹಲ್ಲು ಮುರಿದಿದ್ದರೆ? ಆಗ ಸುತ್ತಿಗೊಂದು ಸಲ ‘ಟಕ್’. ನಿಧಾನವಾಗಿ ಓಡಿಸಿದರೆ ಎಣಿಸಬಹುದು.

ಎಲ್ಲ ಹಲ್ಲುಗಳೂ ಇಷ್ಟು ಹಾಡುವುದಿಲ್ಲ. ಮುಂದಕ್ಕೆ ಹೋಗುವ ಗೇರುಗಳ ಹಲ್ಲನ್ನು ಸಾಮಾನ್ಯವಾಗಿ ಓರೆಯಾಗಿ ಕೊರೆದಿರುತ್ತಾರೆ. ಒಂದು ಹಲ್ಲು ಪೂರ್ತಿ ಬಿಡುವ ಮೊದಲೇ ಮುಂದಿನದು ಹಿಡಿದುಕೊಂಡಿರುತ್ತದೆ, ಹಾಗಾಗಿ ಏಟು ಮೆತ್ತಗೆ. ರಿವರ್ಸ್ ಗೇರಿನ ಹಲ್ಲು ಮಾತ್ರ ಅನೇಕ ವಾಹನಗಳಲ್ಲಿ ನೆಟ್ಟಗಿರುತ್ತದೆ. ನೆಟ್ಟಗಿನ ಹಲ್ಲು ಇಡೀ ಅಗಲದಲ್ಲಿ ಒಮ್ಮೆಲೇ ತಾಗುತ್ತದೆ, ಅದಕ್ಕೇ ಜೋರಾಗಿ ಕೂಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಬಸ್ಸೋ ವ್ಯಾನೋ ಹಿಂದಕ್ಕೆ ಬರುವಾಗ ‘ವೂಂ…’ ಎಂದು ಏರುವ ಒಂದು ಕೂಗು ಕೇಳಿದ್ದೀರಲ್ಲ? ಅದು ಕಾಯಿಲೆಯ ಸದ್ದಲ್ಲ, ಆ ಗೇರು ಮಾತನಾಡುವುದೇ ಹಾಗೆ. ಸಹಜವಾದ ಸದ್ದು ಯಾವುದು, ಹೊಸದಾಗಿ ಸೇರಿಕೊಂಡ ಸದ್ದು ಯಾವುದು ಎಂದು ಬೇರ್ಪಡಿಸುವುದರಲ್ಲೇ ಮೆಕ್ಯಾನಿಕ್ಕಿನ ಅರ್ಧ ಜಾಣತನ ಇದೆ. ಡೀಸೆಲ್ ಜೀಪು ನ್ಯೂಟ್ರಲ್‌ನಲ್ಲಿ ನಿಂತಾಗ ಸ್ವಲ್ಪ ಕಟಕಟ ಎಂದರೂ ಅವರು ತಲೆಕೆಡಿಸಿಕೊಳ್ಳುವುದಿಲ್ಲ.

ಗೇರು ಬದಲಿಸುವಾಗ ಮಾತ್ರ ‘ಕರ್ರ್’ ಎಂದರೆ ಅದು ಇನ್ನೊಂದು ಕತೆ. ನೀವು ಹಗ್ಗದಾಟ ಆಡಿದ್ದೀರಿ. ಇಬ್ಬರು ಹಗ್ಗ ಬೀಸುತ್ತಿರುತ್ತಾರೆ, ಮೂರನೆಯವಳು ಒಳಗೆ ನುಗ್ಗಬೇಕು. ಅವಳು ಒಂದು ಕ್ಷಣ ನಿಂತು, ಹಗ್ಗದ ಲಯಕ್ಕೆ ಮೈ ಕುಣಿಸಿ, ಆಮೇಲೆ ಒಳಗೆ ಹೋಗುತ್ತಾಳೆ. ಲಯ ಸೇರದೆ ನುಗ್ಗಿದರೆ ಹಗ್ಗ ಕಾಲಿಗೆ ಬಡಿಯುತ್ತದೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಜೋಡಿಸುವಾಗಲೂ ಮೊದಲು ವೇಗ ಹೊಂದಿಸಬೇಕು. ಆ ಕೆಲಸಕ್ಕೆಂದೇ ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯಂಥ ಲೋಹದ ಉಂಗುರಗಳಿವೆ, ಅವುಗಳಿಗೆ ಸಿಂಕ್ರೋ ರಿಂಗ್ ಎನ್ನುತ್ತಾರೆ. ಉಂಗುರ ಮೊದಲು ತಿಕ್ಕಿ ವೇಗ ಸಮ ಮಾಡುತ್ತದೆ, ಹಲ್ಲು ಆಮೇಲೆ ಕೂರುತ್ತದೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಈ ಏರ್ಪಾಡು ಬಂತು. ಅದಕ್ಕೆ ಮುಂಚಿನ ಚಾಲಕರು ಕಿವಿಯಿಂದಲೇ ವೇಗ ಅಂದಾಜು ಮಾಡಿ ಗೇರು ಹಾಕಬೇಕಿತ್ತು. ಉಂಗುರ ಸವೆದರೆ ಹಲ್ಲುಗಳು ಲಯ ಸೇರುವ ಮೊದಲೇ ಮುಖಾಮುಖಿ ಬಡಿದುಕೊಳ್ಳುತ್ತವೆ, ಆಗ ‘ಕರ್ರ್’. ಕ್ಲಚ್ ತುಳಿದಾಗ ಇಂಜಿನ್ನಿನ ಕೊಂಡಿ ಪೂರ್ತಿ ಬಿಡದಿದ್ದರೂ ಇದೇ ಸದ್ದು ಬರುತ್ತದೆ.

ಸರಿ, ಈಗ ಪತ್ತೇದಾರಿಕೆ. ಅದಕ್ಕೆ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು. ಬದಲಿಸಿದಾಗ ಸದ್ದಿಗೆ ಏನಾಯಿತು ಎಂದು ಕೇಳಬೇಕು.

ಮೊದಲು ಜೀಪು ನಿಂತಿರಲಿ, ನ್ಯೂಟ್ರಲ್ ಇರಲಿ, ಕ್ಲಚ್ ಮೇಲೆ ಕಾಲು ಬೇಡ. ಗೊರಗೊರ ಕೇಳುತ್ತಿದೆ. ಈಗ ಕ್ಲಚ್ ತುಳಿಯಿರಿ. ಸದ್ದು ಮೆಲ್ಲಗೆ ಇಳಿದು ನಿಂತುಹೋಯಿತೇ? ಹಾಗಾದರೆ ಯಾವುದು ಕ್ಲಚ್ ತುಳಿದಾಗ ನಿಲ್ಲುತ್ತದೋ ಅದೇ ಕೂಗುತ್ತಿತ್ತು. ಯಾವುದು ನಿಲ್ಲುತ್ತದೆ? ಇನ್‌ಪುಟ್ ಶಾಫ್ಟ್, ಲೇ ಶಾಫ್ಟ್. ಸಂಶಯ ಅವುಗಳ ಬೇರಿಂಗ್ ಮೇಲೆ. ಇದಕ್ಕೆ ಉಲ್ಟಾ ಆಯಿತು, ಸುಮ್ಮನಿದ್ದ ಜೀಪು ಕ್ಲಚ್ ತುಳಿದ ಕೂಡಲೇ ‘ಕಿರ್ರ್’ ಎಂದಿತು ಅನ್ನಿ. ಆಗ ಗೇರ್ ಬಾಕ್ಸಿನ ತಪ್ಪೇ ಅಲ್ಲ. ಕ್ಲಚ್ ತುಳಿದಾಗ ಮಾತ್ರ ಕೆಲಸ ಮಾಡುವ ಒಂದು ಪುಟ್ಟ ಬೇರಿಂಗ್ ಇದೆ, ಕ್ಲಚ್ ರಿಲೀಸ್ ಬೇರಿಂಗ್ ಎಂದು. ಕೂಗಿದ್ದು ಬಹುಪಾಲು ಅದು. ಕಾಲಿನ ಒಂದೇ ಒಂದು ಒತ್ತಿನಿಂದ ಎಷ್ಟು ದೊಡ್ಡ ಗುಟ್ಟು ಹೊರಬಿತ್ತು ನೋಡಿ!

ಆಮೇಲೆ ಜೀಪು ಓಡಿಸುತ್ತಾ ಒಂದೊಂದೇ ಗೇರು ಹಾಕಿ ಕೇಳುತ್ತಾರೆ. ಎರಡನೇ ಗೇರಿನಲ್ಲಿ ಮಾತ್ರ ಸದ್ದು, ಉಳಿದವುಗಳಲ್ಲಿ ಇಲ್ಲ ಎಂದರೆ ಆ ಜೋಡಿ ಗೇರನ್ನೇ ನೋಡಬೇಕು. ಒಂದು, ಎರಡು, ಮೂರರಲ್ಲಿ ಸದ್ದಿದೆ, ನಾಲ್ಕಕ್ಕೆ ಹಾಕಿದ ಕೂಡಲೇ ತಗ್ಗಿತು ಎಂದರೆ? ಆಗಲೇ ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ನಾಲ್ಕನೆಯದರಲ್ಲಿ ಲೇ ಶಾಫ್ಟಿನ ಮೇಲೆ ಹೊರೆ ಇಲ್ಲ. ಹೊರೆ ಇಳಿಸಿದ ತಕ್ಷಣ ನರಳುವುದು ನಿಂತಿತು. ಅಂದಮೇಲೆ ನೋವಿರುವುದು ಅಲ್ಲೇ.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಮುಂದಿನದು. ಜೀಪನ್ನು ಎರಡನೇ ಗೇರಿನಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಅದೇ 25ರಲ್ಲಿ ಮೂರನೇ ಗೇರಿಗೆ ಬರುತ್ತಾರೆ. ರಸ್ತೆಯ ಮೇಲಿನ ವೇಗ ಬದಲಾಗಿಲ್ಲ, ಇಂಜಿನ್ ವೇಗ ಮಾತ್ರ ಇಳಿದಿದೆ. ಸದ್ದಿನ ಶ್ರುತಿಯೂ ಇಳಿದರೆ ಅದು ಇಂಜಿನ್ ಜೊತೆ ತಿರುಗುವ ಭಾಗದ್ದು. ಶ್ರುತಿ ಹಾಗೆಯೇ ಉಳಿದರೆ ಅದು ಚಕ್ರದ ಜೊತೆ ತಿರುಗುವ ಭಾಗದ್ದು: ಟ್ರಾನ್ಸ್‌ಫರ್ ಕೇಸೋ, ಪ್ರೊಪೆಲ್ಲರ್ ಶಾಫ್ಟೋ, ಚಕ್ರದ ಬೇರಿಂಗೋ. ಜೀಪಿನ ಉದ್ದಕ್ಕೂ ಹರಡಿದ್ದ ಸಂಶಯವನ್ನು ಒಂದೇ ಏಟಿಗೆ ಎರಡು ತುಂಡು ಮಾಡಿದಂತಾಯಿತು.

ಎರಡು ಪೆಟ್ಟಿಗೆಗಳಲ್ಲಿ ಯಾವುದು ಎಂದು ತೀರ್ಮಾನಿಸಲು ಟ್ರಾನ್ಸ್‌ಫರ್ ಕೇಸ್ ತಾನೇ ಒಂದು ಉಪಾಯ ಕೊಟ್ಟಿದೆ. ಅನೇಕ ಜೀಪುಗಳಲ್ಲಿ ಅದಕ್ಕೂ ಒಂದು ನ್ಯೂಟ್ರಲ್ ಇರುತ್ತದೆ. ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು, ಗಿಡ್ಡ ಕೋಲನ್ನು ನ್ಯೂಟ್ರಲ್‌ಗೆ ತಂದು, ಗೇರ್ ಬಾಕ್ಸನ್ನು ಒಂದು, ಎರಡು, ಮೂರು ಎಂದು ಹಾಕುತ್ತಾ ಹೋಗಬಹುದು. ಜೀಪು ನಿಂತಲ್ಲೇ ನಿಂತಿರುತ್ತದೆ, ಗೇರ್ ಬಾಕ್ಸ್ ಮಾತ್ರ ಓಡುತ್ತಿರುತ್ತದೆ! ಗೊರಗೊರ ಈಗಲೂ ಬಂದರೆ ಗೇರ್ ಬಾಕ್ಸ್ ಮೇಲೆ ಬಲವಾದ ಅನುಮಾನ. ಬಾರದಿದ್ದರೆ ಅನುಮಾನ ಅದರ ಹಿಂದಕ್ಕೆ ಸರಿಯಿತು. ಆದರೂ ಪೂರ್ತಿ ನಂಬುವ ಹಾಗಿಲ್ಲ. ಹೊರೆ ಇಲ್ಲದೆ ಸುತ್ತುವಾಗ ಕೆಲವು ಗೇರುಗಳು ಬಾಯಿ ಮುಚ್ಚಿಕೊಂಡಿರುತ್ತವೆ. ಅದಕ್ಕೇ ಮೆಕ್ಯಾನಿಕ್ ಈ ಪರೀಕ್ಷೆಯ ಉತ್ತರವನ್ನು ರಸ್ತೆಯ ಪರೀಕ್ಷೆಯ ಉತ್ತರದ ಜೊತೆ ಇಟ್ಟು ನೋಡುತ್ತಾರೆ.

ಇಲ್ಲಿ ಅವರು ಇನ್ನೊಂದು ಕೆಲಸವನ್ನೂ ಮಾಡುವುದುಂಟು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ತಾಗಿಸಿ ಕಣ್ಣು ಮುಚ್ಚುತ್ತಾರೆ. ನೀವು ಶಾಲೆಯಲ್ಲಿ ಬೆಂಚಿನ ಮೇಲೆ ಕಿವಿಯಿಟ್ಟು, ಗೆಳೆಯನಿಗೆ ಇನ್ನೊಂದು ತುದಿಯಲ್ಲಿ ಉಗುರಿನಿಂದ ಕೆರೆಯಲು ಹೇಳಿ. ಗಾಳಿಯಲ್ಲಿ ಕೇಳದಿದ್ದ ಸದ್ದು ಮರದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಗಾಳಿಯಲ್ಲಿ ಸದ್ದು ನಾಲ್ಕೂ ದಿಕ್ಕಿಗೆ ಹರಡಿ ತೆಳುವಾಗುತ್ತದೆ. ಮರದಲ್ಲಿ, ಉಕ್ಕಿನ ಸರಳಿನಲ್ಲಿ ಅದಕ್ಕೆ ಅಷ್ಟು ಚದುರಲು ಜಾಗವಿಲ್ಲ, ನೇರ ಕಿವಿಗೆ ಬರುತ್ತದೆ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದ್ದರಿಂದಲೇ ಸ್ಟೆತಸ್ಕೋಪ್ ಹುಟ್ಟಿತು. ಸ್ಕ್ರೂಡ್ರೈವರ್ ಹಿಡಿದ ಮೆಕ್ಯಾನಿಕ್ಕನ್ನು ಡಾಕ್ಟರ್ ಎಂದು ಕರೆದರೆ ತಪ್ಪೇನೂ ಇಲ್ಲ. ಆದರೆ ತಿರುಗುವ ಇಂಜಿನ್ ಹತ್ತಿರ ಈ ಪ್ರಯೋಗ ನೀವು ಮಾಡಬಾರದು. ನಿಮಗೆ ಬೆಂಚು ಸಾಕು.

ಪರೀಕ್ಷೆಗಳೆಲ್ಲ ಮುಗಿದವು, ಬಿಚ್ಚಲೇಬೇಕು ಎಂದಾಯಿತು. ಗೇರ್ ಬಾಕ್ಸನ್ನು ಮುಟ್ಟಬೇಕಾದರೂ ಮೊದಲು ಅದರ ಬೆನ್ನಿಗಿರುವ ಟ್ರಾನ್ಸ್‌ಫರ್ ಕೇಸನ್ನು ಇಳಿಸುವುದು ವಾಡಿಕೆ. ಜೀಪನ್ನು ಜಾಕಿಯಿಂದ ಎತ್ತಿ, ಗಟ್ಟಿ ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲೆ ಕೂರಿಸುತ್ತಾರೆ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ದೊಡ್ಡವರು ನುಸುಳಿದರೂ ನೀವು ಗದರಿಸಿ.

ಮೊದಲು ಎಣ್ಣೆ. ಪೆಟ್ಟಿಗೆಯ ಮಗ್ಗುಲಲ್ಲಿ ಎಣ್ಣೆ ತುಂಬುವ ತೂತಿದೆ. ಅದರ ಬಿರಡೆ ತೆಗೆದು ಕಿರುಬೆರಳು ಹಾಕಿ ನೋಡುತ್ತಾರೆ. ಎಣ್ಣೆ ತೂತಿನ ಅಂಚಿನವರೆಗೆ ಇರಬೇಕು. ಬೆರಳು ಒಣಗಿಯೇ ಬಂದರೆ ಸದ್ದಿನ ಕಾರಣ ಅಲ್ಲೇ ಸಿಕ್ಕಿತು. ಈ ಬೆರಳಿನ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲೇ ಮಾಡುವವರು ನಿಜವಾದ ಬುದ್ಧಿವಂತರು. ಆಮೇಲೆ ತಳದ ಬಿರಡೆ ತೆಗೆದು ಎಣ್ಣೆಯನ್ನು ಅಗಲವಾದ ಟ್ರೇಗೆ ಇಳಿಸುತ್ತಾರೆ. ಗೇರ್ ಆಯಿಲ್‌ಗೆ ಗಂಧಕದ ಘಾಟು, ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ.

ಆ ಟ್ರೇಯನ್ನು ಬಿಸಿಲಿಗೆ ತಂದು ಬಗ್ಗಿ ನೋಡುವುದೇ ಒಂದು ಹಬ್ಬ. ಎಷ್ಟೋ ಗಾಡಿಗಳಲ್ಲಿ ತಳದ ಬಿರಡೆಯ ತುದಿಗೆ ಒಂದು ಆಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆ ಸರಿ ಮೆತ್ತಿಕೊಂಡಿರುತ್ತದೆ. ಬೆರಳುಗಳ ನಡುವೆ ಉಜ್ಜಿದರೆ ಮೆತ್ತಗಿದ್ದರೆ ಚಿಂತೆಯಿಲ್ಲ, ಅದು ವರ್ಷಗಟ್ಟಲೆ ಸವೆದ ಉಕ್ಕಿನ ಪುಡಿ. ಚುಚ್ಚಿದರೆ, ಚಕ್ಕೆಗಳು ಸಿಕ್ಕರೆ, ಯಾವುದೋ ಹಲ್ಲೋ ಬೇರಿಂಗೋ ಒಡೆದಿದೆ. ಇನ್ನು ಆಯಸ್ಕಾಂತಕ್ಕೆ ಅಂಟದೆ, ಎಣ್ಣೆಯಲ್ಲೇ ತೇಲಾಡುತ್ತಾ ಚಿನ್ನದಂತೆ ಮಿನುಗುವ ಕಣಗಳಿದ್ದರೆ? ಹಿತ್ತಾಳೆಯನ್ನು ಆಯಸ್ಕಾಂತ ಸೆಳೆಯುವುದಿಲ್ಲ. ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯಂಥ ಲೋಹ ಎಲ್ಲಿತ್ತು ಹೇಳಿ? ಸರಿಯಾಗಿ ಹೇಳಿದಿರಿ, ಸಿಂಕ್ರೋ ರಿಂಗ್‌ನಲ್ಲಿ.

ಮುಂದೆ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಬಿಚ್ಚುತ್ತಾರೆ. ಬಿಚ್ಚುವ ಮೊದಲು ಎರಡು ಭಾಗ ಸೇರುವಲ್ಲಿ ಸುಣ್ಣದ ಕಡ್ಡಿಯಿಂದಲೋ ಬಣ್ಣದಿಂದಲೋ ಒಂದು ಗೀಟು ಎಳೆಯುತ್ತಾರೆ. ತಿರುಗಿ ಕೂಡಿಸುವಾಗ ಗೀಟಿಗೆ ಗೀಟು ಸೇರಬೇಕು. ಇಲ್ಲವಾದರೆ ವೇಗದಲ್ಲಿ ಜೀಪು ನಡುಗಲು ಶುರುವಾಗಬಹುದು. ಒಂದು ಸದ್ದು ಹೋಗಲಾಡಿಸಲು ಹೋಗಿ ಇನ್ನೊಂದು ತಂದುಕೊಂಡ ಹಾಗೆ. ವಿಲ್ಲಿಸ್ ವಂಶದ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದೂ ಟ್ರಾನ್ಸ್‌ಫರ್ ಕೇಸಿನ ಬೆನ್ನ ಮೇಲೆಯೇ. ಅದನ್ನು ಬಿಚ್ಚಿದ ಮೇಲೆ ಗಾಡಿಗೆ ಆ ಬ್ರೇಕ್ ಇಲ್ಲ. ಚಕ್ರಕ್ಕೆ ಕೊಟ್ಟ ದಿಮ್ಮಿಯೇ ಗತಿ. ಸ್ಪೀಡೋಮೀಟರಿನ ಕೇಬಲ್ ಕೂಡ ಇಲ್ಲಿಗೇ ಬರುತ್ತದೆ. ಚಕ್ರಗಳ ಜೊತೆ ತಿರುಗುವ ಜಾಗ ಇದೇ ಆದ್ದರಿಂದ ವೇಗ ಅಳೆಯಲೂ ಇದೇ ಸರಿಯಾದ ಜಾಗ.

ಬೋಲ್ಟ್‌ಗಳು ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ಅಚ್ಚುಕಟ್ಟಿನ ಮೆಕ್ಯಾನಿಕ್ ರಟ್ಟಿನ ಮೇಲೆ ಪೆಟ್ಟಿಗೆಯ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ರಟ್ಟಿನ ಅದೇ ಜಾಗದಲ್ಲಿ ತೂತು ಮಾಡಿ ಸಿಕ್ಕಿಸಿಡುತ್ತಾರೆ. ಕೊನೆಯ ಬೋಲ್ಟ್ ತೆಗೆಯುವ ಮೊದಲು ಪೆಟ್ಟಿಗೆಯ ಕೆಳಗೆ ಇನ್ನೊಂದು ಜಾಕಿ ಬರುತ್ತದೆ, ಏಕೆಂದರೆ ಎರಕದ ಕಬ್ಬಿಣದ ಆ ಪೆಟ್ಟಿಗೆ ಒಬ್ಬರ ಕೈಗೆ ಭಾರ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ಕೆಳಗಿನಿಂದ ಆಸರೆ ಕೊಟ್ಟಿರುತ್ತಾರೆ. ಎಲ್ಲ ಸರಿಯಾದ ಮೇಲೆ ಟ್ರಾನ್ಸ್‌ಫರ್ ಕೇಸನ್ನು ನೇರವಾಗಿ ಹಿಂದಕ್ಕೆ ಎಳೆಯುತ್ತಾರೆ. ಓರೆ ಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿ ಸುತ್ತಿಗೆಗಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ.

ಪೆಟ್ಟಿಗೆ ಬಿಚ್ಚಿದಾಗ ಹೊರಗೆ ಬಂದ ಬೇರಿಂಗನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಒರೆಸಿ, ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಾರೆ. ಒಳ್ಳೆಯದಾದರೆ ತಿರುಗುತ್ತಿದೆಯೋ ಇಲ್ಲವೋ ಎಂದು ಬೆರಳಿಗೆ ಗೊತ್ತೇ ಆಗದು. ಕೆಟ್ಟಿದ್ದರೆ ಒಂದು ಜಾಗದಲ್ಲಿ ತಡೆದು, ಹಾರಿ, ಮತ್ತೆ ಮುಂದಕ್ಕೆ ಹೋಗುತ್ತದೆ. ಆ ಜಾಗದಲ್ಲಿ ಗುಂಡು ಓಡುವ ದಾರಿಯನ್ನು ಉಗುರಿನಿಂದ ಸವರಿದರೆ ಸಾಸಿವೆಗಿಂತ ಚಿಕ್ಕದಾದ ಒಂದು ಗುಂಡಿ ಸಿಗುತ್ತದೆ. ಇಡೀ ಜೀಪನ್ನು ಗೊರಗೊರ ಎನ್ನಿಸುತ್ತಿದ್ದವನು ಇಷ್ಟೇ ಇಷ್ಟು!

ಈಗ ನಿಮಗೊಂದು ಒಗಟು. ಗ್ಯಾರೇಜಿಗೆ ಇನ್ನೊಂದು ಜೀಪು ಬಂದಿದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಸದ್ದಿಲ್ಲ, ಕ್ಲಚ್ ತುಳಿದರೂ ಇಲ್ಲ. ಓಡುವಾಗ ಮಾತ್ರ ಎಲ್ಲ ಗೇರಿನಲ್ಲೂ ಗೊರಗೊರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಬಂದರೂ ಅದರ ಶ್ರುತಿ ಬದಲಾಗುವುದಿಲ್ಲ. ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದು ಗೇರು ಹಾಕಿ ನೋಡಿದರೆ ಸದ್ದು ಮಾಯ. ಎಣ್ಣೆ ಅಂಚಿನವರೆಗೆ ಇದೆ. ಈ ಜೀಪಿನ ಗೇರ್ ಬಾಕ್ಸ್ ಬಿಚ್ಚಬೇಕೋ ಬೇಡವೋ? ಬೇಡವಾದರೆ ಎಲ್ಲೆಲ್ಲಿ ಹುಡುಕಬೇಕು? ಉತ್ತರಕ್ಕೆ ಬೇಕಾದ ಸುಳಿವೆಲ್ಲ ಮೇಲೆಯೇ ಇದೆ. ಯೋಚಿಸಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ನಿಮ್ಮ ಮನೆಯಲ್ಲಿ ಗಾಡಿ ಓಡಿಸುವವರಿಗೂ ಇದೇ ಒಗಟು ಕೇಳಿ. ಯಾರ ಉತ್ತರ ಸರಿ ಎಂದು ನಿಮ್ಮೂರಿನ ಮೆಕ್ಯಾನಿಕ್ಕೇ ತೀರ್ಪು ಕೊಡಲಿ.